ಬಯಲು ಸಂಗೀತ ಉತ್ಸವಕ್ಕೆ ಮೊದಲ ಸಲವೇ? ನಿಲ್ಲುವ ಜಾಗ ಮೊದಲು, ಬ್ಯಾಗು ಆಮೇಲೆ

ಪ್ರಶ್ನೆ: ಮುಂದಿನ ತಿಂಗಳು ನಾನು, ನನ್ನ ತಂಗಿ ಮತ್ತು ಅವಳ ಎಂಟು ವರ್ಷದ ಮಗ ಎರಡು ದಿನದ ಬಯಲು ಸಂಗೀತ ಉತ್ಸವಕ್ಕೆ ಹೋಗುತ್ತಿದ್ದೇವೆ. ಮೂವರಿಗೂ ಇದೇ ಮೊದಲು. ಮಧ್ಯಾಹ್ನ ಶುರುವಾಗಿ ರಾತ್ರಿವರೆಗೂ ನಡೆಯುತ್ತದಂತೆ. ತಂಗಿಗೆ ಸ್ಟೇಜ್ ಮುಂದೆಯೇ ನಿಂತು ಕೇಳುವ ಆಸೆ. ನನಗೆ ಜನಜಂಗುಳಿ ಅಂದರೆ ದಿಗಿಲು. ಮಗುವಿನ ಕಿವಿಗೆ ತೊಂದರೆ ಆಗುತ್ತದೆಯೇ? ಏನೇನು ತೆಗೆದುಕೊಂಡು ಹೋಗಬೇಕು? ಮಳೆ ಬಂದರೆ ಏನು ಮಾಡಬೇಕು? ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ಏನೇನು ತೆಗೆದುಕೊಂಡು ಹೋಗಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೂ ಬರುತ್ತೇನೆ. ಆದರೆ ನಾನು ಬಯಲು ಕಾರ್ಯಕ್ರಮಗಳಲ್ಲಿ ಸೌಂಡ್ ಕೆಲಸ ಮಾಡುವವನು. ನನ್ನನ್ನು ಕೇಳಿದರೆ, ನಿಮ್ಮ ಬ್ಯಾಗಿನಲ್ಲಿ ಏನಿದೆ ಅನ್ನುವುದಕ್ಕಿಂತ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದೇ ದೊಡ್ಡದು. ಹಾಡು ಚೆನ್ನಾಗಿ ಕೇಳಿಸಬೇಕು, ಕಿವಿ ಉಳಿಯಬೇಕು, ಮಗು ಕೈತಪ್ಪಬಾರದು, ಗಾಳಿ ಮಳೆ ಬಂದರೆ ಬೇಗ ಹೊರಗೆ ಬರಬೇಕು. ಒಳ್ಳೆಯ ಸುದ್ದಿ ಏನೆಂದರೆ, ಈ ನಾಲ್ಕಕ್ಕೂ ಹೊಂದುವ ಜಾಗ ಹೆಚ್ಚುಕಡಿಮೆ ಒಂದೇ.

ನಿಮ್ಮ ತಂಗಿಗೆ ಬೇಸರ ಆಗಬಹುದು, ಆದರೂ ಹೇಳಿಬಿಡುತ್ತೇನೆ. ಸ್ಟೇಜ್‌ಗೆ ಅಂಟಿಕೊಂಡ ಜಾಗದಲ್ಲಿ ಕಲಾವಿದರ ಮುಖ ಕಾಣಿಸುತ್ತದೆ, ಹಾಡು ಮಾತ್ರ ಸರಿಯಾಗಿ ಕೇಳಿಸುವುದಿಲ್ಲ. ಮುಖ್ಯ ಸ್ಪೀಕರ್‌ಗಳನ್ನು ಸ್ಟೇಜ್‌ನ ಎರಡು ಪಕ್ಕದಲ್ಲಿ ಎತ್ತರಕ್ಕೆ ಸಾಲಾಗಿ ನೇತುಹಾಕಿರುತ್ತಾರೆ. ಅವುಗಳ ಸದ್ದು ಮುಂದಿನ ಸಾಲಿನವರ ತಲೆಯ ಮೇಲೆ ಹಾದು ಹಿಂದಿನವರಿಗೆ ಹೋಗುತ್ತದೆ. ಮುಂದೆ ನಿಂತವರಿಗೆ ಸಿಗುವುದು ಡ್ರಮ್‌ನ ನೇರ ಸದ್ದು, ಗಿಟಾರಿನ ದನಿ ಹೆಚ್ಚಿಸುವ ಆಂಪ್‌ನ ಸದ್ದು, ತಗ್ಗು ಸದ್ದಿಗೆಂದೇ ನೆಲದ ಮೇಲೆ ಇಟ್ಟ ಸಬ್‌ವೂಫರ್‌ಗಳ ಗುದ್ದು. ಮುಂದಿನವರಿಗೆಂದೇ ಸ್ಟೇಜ್ ಅಂಚಿನಲ್ಲಿ ಚಿಕ್ಕ ಸ್ಪೀಕರ್ ಇಟ್ಟಿರುತ್ತಾರೆ ನಿಜ. ಆದರೂ ಹಾಡುವವರ ದನಿ ಗದ್ದಲದಲ್ಲಿ ಮುಳುಗಿಹೋಗುವುದೇ ಜಾಸ್ತಿ.

ಮೈದಾನದ ನಡುವೆ, ಸ್ಟೇಜ್‌ಗೆ ಎದುರಾಗಿ, ಬೇಲಿ ಹಾಕಿದ ಒಂದು ಅಟ್ಟಣೆ ಇರುತ್ತದೆ. ಮೇಲೆ ಟೆಂಟು, ಒಳಗೆ ಮಿಕ್ಸಿಂಗ್ ಕನ್ಸೋಲ್, ಅಂದರೆ ಎಲ್ಲ ಮೈಕು, ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಯಂತ್ರ. ಸೌಂಡ್ ಎಂಜಿನಿಯರ್ ಅಲ್ಲೇ ನಿಂತು, ತನ್ನ ಕಿವಿಗೆ ಏನು ಕೇಳಿಸುತ್ತದೋ ಅದನ್ನೇ ಸರಿಮಾಡುತ್ತಾ ಇರುತ್ತಾನೆ. ಹಾಗಾಗಿ ಇಡೀ ಮೈದಾನದಲ್ಲಿ ಹಾಡು ತೀರಾ ಚೆನ್ನಾಗಿ ಕೇಳಿಸುವುದು ಆ ಅಟ್ಟಣೆಯ ಅಕ್ಕಪಕ್ಕದಲ್ಲಿ. ಸರಿಯಾಗಿ ನಡುಗೆರೆಯ ಮೇಲೆ ಬೇಡ. ಎರಡು ಕಡೆಯ ಸಬ್‌ವೂಫರ್‌ಗಳ ಸದ್ದು ನಡುಗೆರೆಯಲ್ಲಿ ಕೂಡಿಕೊಂಡು ಬೇಸ್, ಅಂದರೆ ತಗ್ಗು ಸದ್ದು, ದಪ್ಪವಾಗುತ್ತದೆ. ಸ್ವಲ್ಪ ಪಕ್ಕಕ್ಕೆ, ಹೊರಗೆ ಹೋಗುವ ದಾರಿ ಯಾವ ಕಡೆಗಿದೆಯೋ ಆ ಪಕ್ಕಕ್ಕೆ ನಿಲ್ಲಿ. ನಿಮ್ಮ ಜಾಗ ಅದು.

ತೀರಾ ಹಿಂದೆ ಹೋದರೆ ಇನ್ನೊಂದು ತಮಾಷೆ ನೋಡುತ್ತೀರಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೂರು ಮೀಟರ್ ಹಿಂದೆ ನಿಂತರೆ, ಪರದೆ ಮೇಲೆ ತುಟಿ ಅಲ್ಲಾಡಿದ ಮೇಲೆ ಹೆಚ್ಚುಕಡಿಮೆ ಸೆಕೆಂಡಿನ ಮೂರನೇ ಒಂದು ಭಾಗ ತಡವಾಗಿ ಹಾಡು ಬರುತ್ತದೆ. ದೊಡ್ಡ ಮೈದಾನಗಳಲ್ಲಿ ಹಿಂದಿನವರಿಗಾಗಿ ಇನ್ನೊಂದು ಜೊತೆ ಸ್ಪೀಕರ್ ಗೋಪುರ ನಿಲ್ಲಿಸುತ್ತಾರೆ. ಅವುಗಳ ಸದ್ದನ್ನು ಬೇಕೆಂದೇ ಅಷ್ಟು ತಡಮಾಡಿ ಬಿಡುತ್ತಾರೆ. ಇಲ್ಲದಿದ್ದರೆ ಒಂದೇ ಹಾಡು ಎರಡು ಸಲ ಕೇಳಿಸುತ್ತದೆ. ಗಾಳಿ ಜೋರಾಗಿ ಬೀಸುವಾಗ ಸದ್ದು ಒಮ್ಮೆ ಹತ್ತಿರ, ಒಮ್ಮೆ ದೂರ ಆದ ಹಾಗೆ ಅನಿಸಿದರೆ ಸೌಂಡ್‌ನವರನ್ನು ಬೈಯಬೇಡಿ. ಗಾಳಿಯೇ ಸದ್ದನ್ನು ಬಾಗಿಸುತ್ತದೆ.

ಈಗ ಮಗುವಿನ ಕಿವಿ. ತೊಂದರೆ ಆಗಬಹುದು, ಆದರೆ ತಡೆಯುವುದು ಸುಲಭ. ಕಾರ್ಖಾನೆಯಂಥ ಕೆಲಸದ ಜಾಗಗಳಿಗೆ ಬಳಸುವ ಒಂದು ಲೆಕ್ಕ ಇದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. 100 ಡೆಸಿಬೆಲ್‌ಗೆ ಬಂದರೆ ಬರೀ 15 ನಿಮಿಷ. ದೊಡ್ಡ ಸ್ಟೇಜ್ ಮುಂದೆ 100 ಡೆಸಿಬೆಲ್ ಅಪರೂಪವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಕಾರ್ಯಕ್ರಮಗಳಿಗೆಂದೇ ಒಂದು ಮಾನದಂಡ ಹೊರಡಿಸಿತು. ಸರಾಸರಿ ಸದ್ದು 100 ಡೆಸಿಬೆಲ್ ದಾಟಬಾರದು, ಬಂದವರಿಗೆ ಇಯರ್ ಪ್ಲಗ್ ಸಿಗಬೇಕು, ಕಿವಿಗೆ ವಿರಾಮ ಕೊಡಲು ಸದ್ದಿಲ್ಲದ ಜಾಗ ಇರಬೇಕು ಎನ್ನುತ್ತದೆ ಅದು. ಆದರೆ ಅದು ಶಿಫಾರಸು. ಪ್ರತಿ ಉತ್ಸವವೂ ಪಾಲಿಸುತ್ತದೆ ಅಂದುಕೊಳ್ಳಬೇಡಿ. ಇನ್ನೊಂದು ಮಾತು, ಮೇಲಿನ ಗಂಟೆಗಳ ಲೆಕ್ಕ ದೊಡ್ಡವರದು. ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿಯಾಗಿರುವುದು ಒಳ್ಳೆಯದು.

ಮೀಟರ್ ಇಲ್ಲದೆ ತಿಳಿಯುವುದು ಹೇಗೆ? ಒಂದು ತೋಳಿನಷ್ಟು ದೂರದಲ್ಲಿರುವ ತಂಗಿಯ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ 85 ದಾಟಿದೆ ಎಂದೇ ಲೆಕ್ಕ. ಫೋನಿನ ಡೆಸಿಬೆಲ್ ಆ್ಯಪ್ ಒಂದು ಅಂದಾಜು ಕೊಡುತ್ತದೆ, ಅಷ್ಟೇ.

ಮಗುವಿಗೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್ ಮಫ್ ತನ್ನಿ, ಮಕ್ಕಳ ಅಳತೆಯದು. ಎಂಟು ವರ್ಷದವರ ಕಿವಿಯ ತೂತು ಚಿಕ್ಕದು, ಫೋಮ್ ಪ್ಲಗ್ ಸರಿಯಾಗಿ ಕೂರದೆ ಹೊರಗೆ ಬರುತ್ತಿರುತ್ತದೆ. ಮೊದಲೇ ಮನೆಯಲ್ಲಿ ಎರಡು ಮೂರು ದಿನ ಹಾಕಿಸಿ ಅಭ್ಯಾಸ ಮಾಡಿಸಿ. ಅಲ್ಲಿ ಹೋದ ಮೇಲೆ ಮೊದಲ ಸಲ ಹಾಕಿದರೆ ಐದು ನಿಮಿಷಕ್ಕೆ ಕಿತ್ತು ಕೈಗೆ ಕೊಡುತ್ತಾನೆ.

ನೀವಿಬ್ಬರೂ ಪ್ಲಗ್ ಹಾಕಿಕೊಳ್ಳಿ. ಫೋಮ್ ಪ್ಲಗ್ ಅಗ್ಗ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬಹಳ ಜನ ಅದನ್ನು ಕಿವಿಯ ಬಾಯಲ್ಲಿ ಸುಮ್ನೆ ಸಿಕ್ಕಿಸಿಕೊಂಡಿರುತ್ತಾರೆ. ಬತ್ತಿ ಹೊಸೆಯುವ ಹಾಗೆ ಬೆರಳಲ್ಲಿ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ತೂರಿಸಬೇಕು. ಅದು ಉಬ್ಬಿಕೊಳ್ಳುವವರೆಗೆ, ಅಂದರೆ 20-30 ಸೆಕೆಂಡ್, ಬೆರಳಲ್ಲಿ ಒತ್ತಿ ಹಿಡಿಯಬೇಕು. ಹೀಗೆ ಹಾಕಿದ ಪ್ಲಗ್ 15 ಡೆಸಿಬೆಲ್ ತಗ್ಗಿಸಿದರೂ 100 ಇದ್ದದ್ದು 85 ಆಯಿತು. ಹದಿನೈದು ನಿಮಿಷದ ಮಿತಿ ಎಂಟು ಗಂಟೆಗೆ ಏರಿತು. ಫೋಮ್ ಪ್ಲಗ್‌ನಲ್ಲಿ ತಾರಕದ ಸದ್ದು ಜಾಸ್ತಿ ಕಡಿಮೆಯಾಗಿ ಹಾಡು ಮಂಕಾಗುತ್ತದೆ ಎನ್ನುವುದು ನಿಜವಾದ ದೂರು. ಸಂಗೀತಗಾರರಿಗೆಂದೇ ಮಾಡಿದ, ಒಳಗೆ ಫಿಲ್ಟರ್ ಇರುವ ಪ್ಲಗ್‌ಗಳಲ್ಲಿ ಎಲ್ಲ ಸ್ವರವೂ ಸಮವಾಗಿ ತಗ್ಗುತ್ತದೆ. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ, ವರ್ಷಗಟ್ಟಲೆ ಬರುತ್ತದೆ.

ದೂರವೂ ಕಿವಿಯನ್ನು ಕಾಯುತ್ತದೆ. ಒಂದು ಸ್ಪೀಕರ್‌ನಿಂದ ಎರಡು ಪಟ್ಟು ದೂರ ಹೋದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸಾಲಾಗಿ ನೇತುಹಾಕಿದ ಸ್ಪೀಕರ್‌ಗಳಿಗೆ ಹತ್ತಿರದಲ್ಲಿ ಇಳಿಕೆ ಅದಕ್ಕಿಂತ ನಿಧಾನ. ಆದರೆ ಬರೀ 3 ಡೆಸಿಬೆಲ್ ಇಳಿದರೂ ನಿಮ್ಮ ಸಮಯ ಎರಡು ಪಟ್ಟು ಅಲ್ವಾ? ಒಂದೊಂದು ಗಂಟೆಗೊಮ್ಮೆ ಹಿಂದಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ. ಮಗು ಮಫ್ ಮೇಲೂ ಕೈಯಿಟ್ಟು ಒತ್ತಿಕೊಳ್ಳುತ್ತಿದ್ದರೆ ಆಗಲೇ ಹೊರಡಿ. ಹಾಡು ಮುಗಿಯಲಿ ಅಂತ ಕಾಯಬೇಡಿ. ರಾತ್ರಿ ಮಲಗುವಾಗ ಕಿವಿಯಲ್ಲಿ ಗುಂಯ್ ಅಂದರೆ ಆ ದಿನ ಜಾಸ್ತಿಯಾಯಿತು ಎಂದು ಅರ್ಥ, ಎರಡನೇ ದಿನ ಇನ್ನೂ ಹಿಂದೆ ನಿಲ್ಲಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ತಡಮಾಡದೆ ಕಿವಿ ಡಾಕ್ಟರ ಹತ್ತಿರ ಹೋಗಬೇಕು.

ಜನಜಂಗುಳಿ ಬಗ್ಗೆ ನಿಮ್ಮ ದಿಗಿಲು ಪುಕ್ಕಲುತನವಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಇಬ್ಬರು ಮೂವರು ಇದ್ದರೆ ಆರಾಮ. ನಾಲ್ಕೈದು ಜನರಾದರೆ ಎಚ್ಚರ ಬೇಕು. ಆರೇಳು ಜನರಾದರೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಗುಂಪು ನೀರಿನಂತೆ ಅಲೆಯಲೆಯಾಗಿ ಹೊಯ್ದಾಡಲು ಶುರುಮಾಡುತ್ತದೆ. ಇಂಥ ದುರಂತಗಳಲ್ಲಿ ಸಾವು ಬರುವುದು ತುಳಿತದಿಂದಲೇ ಎಂದು ನಾವು ಅಂದುಕೊಂಡಿದ್ದೇವೆ. ಹೆಚ್ಚಿನ ಸಲ ನಿಜವಾದ ಕಾರಣ ಉಸಿರುಗಟ್ಟುವುದು. ಎದೆ ಅಗಲಿಸಲು ಜಾಗವೇ ಸಿಗುವುದಿಲ್ಲ, ಎಷ್ಟೋ ಜನ ನಿಂತಲ್ಲೇ ಪ್ರಜ್ಞೆ ತಪ್ಪುತ್ತಾರೆ. ಡೆನ್ಮಾರ್ಕಿನ ರೋಸ್ಕಿಲ್ಡ್ ಉತ್ಸವದಲ್ಲಿ 2000ದ ಜೂನ್ 30ರಂದು ಮುಖ್ಯ ಸ್ಟೇಜ್ ಮುಂದಿನ ಒತ್ತಡದಲ್ಲಿ 9 ಜನ ತೀರಿಕೊಂಡರು. ಅಮೆರಿಕದ ಹ್ಯೂಸ್ಟನ್‌ನಲ್ಲಿ 2021ರ ನವೆಂಬರ್ 5ರಂದು ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ 10 ಜನ ಸತ್ತರು, ಅವರಲ್ಲಿ ಒಬ್ಬ ಒಂಬತ್ತು ವರ್ಷದ ಹುಡುಗ. ಹೆದರಿಸಲು ಹೇಳುತ್ತಿಲ್ಲ. ಎಂಟು ವರ್ಷದ ಮಗುವನ್ನು ಕರೆದುಕೊಂಡು ಮುಂದಿನ ಸಾಲಿಗೆ ಹೋಗಬೇಡಿ ಎಂದು ನಾನು ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತೇನೆ ಎಂದು ತಿಳಿಯಲಿ ಅಂತ ಹೇಳಿದೆ. ದೊಡ್ಡವರ ಎದೆಯ ಎತ್ತರಕ್ಕೆ ಅವನ ಮುಖ ಬರುತ್ತದೆ, ಹಿಂದೆ ಇರುವವರಿಗೆ ಅವನು ಕಾಣುವುದೇ ಇಲ್ಲ.

ತಂಗಿಯ ಆಸೆಗೂ ದಾರಿ ಇದೆ. ಮಧ್ಯಾಹ್ನದ ಮೊದಮೊದಲ ಕಾರ್ಯಕ್ರಮಗಳಲ್ಲಿ ಮುಂದೆ ಜಾಗ ಖಾಲಿ ಇರುತ್ತದೆ. ಆಗ ನೀವು ಮಗುವಿನ ಜೊತೆ ಹಿಂದೆ ಕೂತಿರಿ, ಅವಳು ಮುಂದೆ ಹೋಗಿ ನೋಡಿಕೊಂಡು ಬರಲಿ. ರಾತ್ರಿಯ ಮುಖ್ಯ ಕಲಾವಿದರ ಹೊತ್ತಿಗೆ ಮೂವರೂ ಅಟ್ಟಣೆಯ ಪಕ್ಕಕ್ಕೆ ಬಂದುಬಿಡಿ. ಸ್ಟೇಜ್ ಮುಂದಿನ ಕಂಬಿಬೇಲಿ, ಮೂಲೆಗಳು, ಎರಡು ಬೇಲಿಗಳ ನಡುವಿನ ಇಕ್ಕಟ್ಟು, ಇಲ್ಲೆಲ್ಲ ಒತ್ತಡ ಜಾಸ್ತಿ ಸೇರುತ್ತದೆ. ಎರಡೂ ತೋಳು ಪಕ್ಕದವರಿಗೆ ತಾಗುತ್ತಿವೆ, ಕೈ ಎತ್ತಿ ಮುಖ ಮುಟ್ಟಿಕೊಳ್ಳಲು ಕಷ್ಟ ಅನಿಸಿದರೆ ಅದೇ ಸೂಚನೆ. ಆಗಲೇ ಹೊರಡಿ. ಅದಕ್ಕಿಂತ ತಡವಾದರೆ ಹೊರಡುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಅಕಸ್ಮಾತ್ ಸಿಕ್ಕಿಕೊಂಡರೆ ಕೈಗಳನ್ನು ಮಡಚಿ ಎದೆಯ ಮುಂದೆ ತನ್ನಿ. ಉಸಿರಾಡಲು ಅಷ್ಟಾದರೂ ಜಾಗ ಉಳಿಯುತ್ತದೆ. ತಳ್ಳಾಟಕ್ಕೆ ಎದುರು ನಿಲ್ಲಬೇಡಿ, ಶಕ್ತಿ ಹೋಗುತ್ತದೆ ಅಷ್ಟೇ. ಅಲೆ ಬಂದಾಗ ಅದರ ಜೊತೆ ಹೋಗಿ, ಅಲೆ ನಿಂತ ಕ್ಷಣದಲ್ಲಿ ಓರೆಯಾಗಿ ಪಕ್ಕಕ್ಕೆ ಸರಿಯಿರಿ. ಕೂಗಿ ಉಸಿರು ಕಳೆಯಬೇಡಿ. ಫೋನ್ ಬಿದ್ದರೆ ಹೋಗಲಿ ಬಿಡಿ, ಬಗ್ಗಬೇಡಿ. ಯಾರಾದರೂ ಬಿದ್ದರೆ ಮಾತ್ರ ಸುತ್ತಲಿನವರೆಲ್ಲ ಸೇರಿ ತಕ್ಷಣ ಎತ್ತಿ ನಿಲ್ಲಿಸಬೇಕು.

ಮಳೆಯ ಮಾತಿಗೆ ಬರೋಣ. ಮಳೆಯಿಂದ ಕಾರ್ಯಕ್ರಮ ನಿಲ್ಲುವುದು ಕಡಿಮೆ. ನಿಲ್ಲುವುದು ಗಾಳಿ ಮತ್ತು ಸಿಡಿಲಿನಿಂದ. 2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಜಾತ್ರೆಯಲ್ಲಿ ಬಿರುಗಾಳಿಗೆ ಸ್ಟೇಜ್‌ನ ಚಾವಣಿಯೇ ಜನರ ಮೇಲೆ ಬಿದ್ದು 7 ಜನ ಸತ್ತರು. ಐದು ದಿನ ಕಳೆದು ಬೆಲ್ಜಿಯಂನ ಪುಕೆಲ್‌ಪಾಪ್ ಉತ್ಸವದಲ್ಲಿ ಇನ್ನೊಂದು ಬಿರುಗಾಳಿಗೆ 5 ಜನ ಬಲಿಯಾದರು. ಚಾವಣಿ, ಪರದೆ, ನೇತುಹಾಕಿದ ಸ್ಪೀಕರ್ ಎಲ್ಲವೂ ಗಾಳಿಗೆ ಪಟದಂತೆ ಒಡ್ಡಿಕೊಂಡಿರುತ್ತವೆ. ಹಾಗಾಗಿ ಗಾಳಿ ಒಂದು ಮಿತಿ ದಾಟಿದರೆ ಸ್ಪೀಕರ್ ಕೆಳಗೆ ಇಳಿಸಿ ಸ್ಟೇಜ್ ಖಾಲಿ ಮಾಡಿಸುತ್ತಾರೆ. ಇನ್ನೂ ಮಳೆಯೇ ಬಂದಿಲ್ಲ, ಯಾಕೆ ನಿಲ್ಲಿಸಿದರು ಎಂದು ಜನ ಕೂಗಾಡುತ್ತಾರೆ. ನೀವು ಕೂಗಬೇಡಿ, ಸ್ಟೇಜ್ ಮತ್ತು ಗೋಪುರಗಳಿಂದ ದೂರ ಸರಿಯಿರಿ.

ಸಿಡಿಲಿಗೆ ಹಳೆಯ ಲೆಕ್ಕವೇ ಸಾಕು. ಮಿಂಚು ಕಂಡ ಮೇಲೆ ಎಣಿಸಿ. ಗುಡುಗು 30 ಸೆಕೆಂಡಿನೊಳಗೆ ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೆ ಬಯಲಿಗೆ ಬರಬಾರದು. ಗಟ್ಟಿ ಕಟ್ಟಡ ಅಥವಾ ಲೋಹದ ಚಾವಣಿ ಇರುವ ಕಾರು, ಬಸ್ಸು ಸುರಕ್ಷಿತ. ಟೆಂಟು, ಒಂಟಿ ಮರ, ಕಂಬಿಬೇಲಿ, ದೀಪದ ಗೋಪುರ, ಯಾವುದೂ ಆಸರೆ ಅಲ್ಲ. ಮಳೆ ಬಂದರೆ ಎಲ್ಲರೂ ಟೆಂಟಿನೊಳಗೆ ನುಗ್ಗುತ್ತಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕಾರು ಎಲ್ಲಿ ನಿಲ್ಲಿಸಿದ್ದೀರಿ, ಅಲ್ಲಿಗೆ ಎಷ್ಟು ನಿಮಿಷದ ನಡಿಗೆ ಎನ್ನುವುದು ಮೋಡ ಕಟ್ಟುವ ಮೊದಲೇ ಗೊತ್ತಿರಲಿ.

ಕೊಡೆ ತರಬೇಡಿ, ಬಹುತೇಕ ಕಡೆ ಗೇಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಿಂದಿನವರಿಗೆ ಅಡ್ಡ, ಕಡ್ಡಿ ಕಣ್ಣಿಗೆ ಚುಚ್ಚುವ ಭಯ. ಟೋಪಿ ಇರುವ ತೆಳು ರೇನ್‌ಕೋಟ್ ಮೂರು ಸಾಕು. ಕಾಲಿಗೆ ಪೂರ್ತಿ ಮುಚ್ಚುವ, ಹಳೆಯ, ಪಳಗಿದ ಶೂ. ಹೊಸ ಶೂ ಬೇಡವೇ ಬೇಡ. ಕೆಸರಿನ ಮುಂದೆ ದೊಡ್ಡ ದೊಡ್ಡ ವ್ಯವಸ್ಥೆಯೂ ಸೋಲುತ್ತದೆ. ಜರ್ಮನಿಯ ವಾಕೆನ್ ಉತ್ಸವದಲ್ಲಿ 2023ರಲ್ಲಿ ಮೈದಾನ ಕೆಸರಾಗಿ, ಟಿಕೆಟ್ ಇದ್ದ ಸಾವಿರಾರು ಜನರನ್ನು ದಾರಿಯಿಂದಲೇ ವಾಪಸ್ ಕಳಿಸಿದ್ದರು. ಹೊರಡುವ ದಿನ ಬೆಳಗ್ಗೆ ಆಯೋಜಕರ ಪ್ರಕಟಣೆ ಒಮ್ಮೆ ನೋಡಿ.

ಬಿಸಿಲಿದ್ದರೆ ನೀರು. ಬಾಯಾರುವ ಮೊದಲೇ ಸ್ವಲ್ಪ ಸ್ವಲ್ಪ ಕುಡಿಯಿರಿ. ಆದರೆ ಗಂಟೆಗಟ್ಟಲೆ ಬೆವರು ಸುರಿಸಿ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ತಪ್ಪು, ರಕ್ತದಲ್ಲಿ ಉಪ್ಪಿನ ಅಂಶ ಇಳಿಯುತ್ತದೆ. ನಡುನಡುವೆ ಏನಾದರೂ ತಿನ್ನಿ, ನಾಲ್ಕು ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ. ತಲೆಸುತ್ತು, ವಾಂತಿ ಬಂದ ಹಾಗಾಗುವುದು, ಬೆವರಿ ಸುಸ್ತಾಗುವುದು ಕಂಡರೆ ನೆರಳಿಗೆ ಕರೆದುಕೊಂಡು ಹೋಗಿ ಮಲಗಿಸಿ. ಮೈ ಸುಡುತ್ತಾ ಮಾತು ತೊದಲಿದರೆ, ಎಲ್ಲಿದ್ದೇನೆ ಎಂದೇ ತಿಳಿಯದಂತಾದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಪ್ರಥಮ ಚಿಕಿತ್ಸೆಯವರನ್ನು ಕೂಗಿ ಕರೆಯಿರಿ. ಅವರು ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ. ತೊದಲುತ್ತಿರುವವರಿಗೆ ಬಲವಂತವಾಗಿ ಕುಡಿಸಬೇಡಿ.

ಇನ್ನು ಬ್ಯಾಗು. ಬಹಳ ಕಡೆ ಎ4 ಹಾಳೆಯಷ್ಟು ದೊಡ್ಡ ಚೀಲ ಮಾತ್ರ ಬಿಡುತ್ತಾರೆ, ಕೆಲವೆಡೆ ಅದೂ ಪಾರದರ್ಶಕ ಇರಬೇಕು. ನೀರಿನ ಬಾಟಲಿ ಖಾಲಿ ಇದ್ದರೆ ಬಿಡುವುದು, ತುಂಬಿದ್ದರೆ ಚೆಲ್ಲಿಸುವುದು ಸಾಮಾನ್ಯ. ಮಾತ್ರೆಗಳು ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್ಪಿನಲ್ಲೇ ಇರಲಿ, ಡಾಕ್ಟರ ಚೀಟಿಯ ಜೊತೆ. ನಿಮ್ಮ ಉತ್ಸವದ ನಿಯಮಗಳ ಪುಟ ಓದಿ, ಅದರ ಮುಂದೆ ನನ್ನ ಮಾತು ನಡೆಯುವುದಿಲ್ಲ. ಟಿಕೆಟ್ ಫೋನಿನಲ್ಲಿದ್ದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕೆಲವು ಟಿಕೆಟ್‌ಗಳ ಕೋಡ್ ಆಗಾಗ ಬದಲಾಗುತ್ತದೆ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಕೋಡ್ ಕಾಣುವ ಹಾಗೆ ಟಿಕೆಟ್ ಫೋಟೋ ಹಾಕಿ ಖುಷಿಪಡಬೇಡಿ, ನಕಲು ಮಾಡುವವರು ಅದನ್ನೇ ಕಾಯುತ್ತಿರುತ್ತಾರೆ. ಒಳಗೆ ಬಿಡುವ ಗುರುತಾಗಿ ಕೈಗೆ ಕಟ್ಟುವ ಬಟ್ಟೆಯ ಬ್ಯಾಂಡ್ ಎಳೆದರೆ ಬಿಗಿಯಾಗುತ್ತದೆ, ಸಡಿಲವಾಗುವುದಿಲ್ಲ. ಒಂದು ಬೆರಳು ತೂರುವಷ್ಟು ಬಿಟ್ಟು ಕಟ್ಟಿ. ಮಗುವಿನದನ್ನು ನೀವೇ ಕಟ್ಟಿ. ಆ ಬ್ಯಾಂಡಿಗೇ ದುಡ್ಡು ತುಂಬಿಸುವ ವ್ಯವಸ್ಥೆ ಇದ್ದರೆ, ಉಳಿದ ದುಡ್ಡು ವಾಪಸ್ ಕೇಳಲು ಕೊನೆಯ ದಿನ ಯಾವುದು ಎಂದು ನೋಡಿಕೊಳ್ಳಿ.

ಸಾವಿರಾರು ಫೋನ್ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ಕರೆ ಹೋಗದಿದ್ದರೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಜಾಸ್ತಿ, ಆದರೆ ತಡವಾಗಿ ತಲುಪಬಹುದು. ಅದಕ್ಕೇ ಪ್ರತಿ ಮೆಸೇಜಿನಲ್ಲಿ ಸಮಯ ಬರೆಯಿರಿ. ‘ಇಲ್ಲೇ ಇದ್ದೇನೆ’ ಅಂದರೆ ಪ್ರಯೋಜನವಿಲ್ಲ. ‘8:40, ನೀರಿನ ನಲ್ಲಿಗಳ ಎಡಕ್ಕೆ, 9ರವರೆಗೆ’ ಅನ್ನಿ. ಒಳಗೆ ಹೋದ ತಕ್ಷಣ, ಬೆಳಕಿದ್ದಾಗಲೇ, ಸೇರುವ ಜಾಗ ಒಂದನ್ನು ಗೊತ್ತುಮಾಡಿ. ಸ್ಟೇಜ್‌ನ ಬಲಗಡೆ ಅನ್ನುವ ಗುರುತು ಬೇಡ, ನೋಡುವವರ ಬಲ ಒಂದು, ಹಾಡುವವರ ಬಲ ಇನ್ನೊಂದು. ರಾತ್ರಿ ಕೂಡ ದೀಪ ಇರುವ, ಜಾಗ ಬದಲಿಸದ ಒಂದು ಗುರುತು ಇರಲಿ. ಪ್ರಥಮ ಚಿಕಿತ್ಸೆಯ ಟೆಂಟು ಒಳ್ಳೆಯ ಆಯ್ಕೆ, ಎಲ್ಲಿ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ.

ಮಗುವಿನ ತೋಳಿನ ಮೇಲೆ ನಿಮ್ಮಿಬ್ಬರ ನಂಬರ್ ಅಳಿಸದ ಪೆನ್ನಿನಲ್ಲಿ ಬರೆಯಿರಿ. ಬೆಳಗ್ಗೆ ಹೊರಡುವಾಗ ಅವತ್ತಿನ ಬಟ್ಟೆಯಲ್ಲೇ ಅವನ ಒಂದು ಫೋಟೋ ತೆಗೆಯಿರಿ. ಹುಡುಕುವಾಗ ಗಾಬರಿಯಲ್ಲಿ ಅಂಗಿಯ ಬಣ್ಣವೇ ನೆನಪಿಗೆ ಬರುವುದಿಲ್ಲ. ತಪ್ಪಿಸಿಕೊಂಡರೆ ನಮ್ಮನ್ನು ಹುಡುಕುತ್ತಾ ಓಡಾಡಬೇಡ, ಸಿಬ್ಬಂದಿಯ ಜಾಕೆಟ್ ಹಾಕಿದವರ ಹತ್ತಿರ ಹೋಗು ಎಂದು ಹೇಳಿಕೊಡಿ. ಗೇಟಿನಲ್ಲೇ ಅಂಥ ಒಬ್ಬರನ್ನು ತೋರಿಸಿಬಿಡಿ. ಕುಟುಂಬದಲ್ಲಿ ಯಾರಿಗಾದರೂ ಫಿಟ್ಸ್ ಬರುತ್ತಿದ್ದರೆ ರಾತ್ರಿಯ ಮಿನುಗು ದೀಪಗಳ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿ.

ಶೌಚಾಲಯಕ್ಕೆ ಎರಡು ಕಾರ್ಯಕ್ರಮಗಳ ನಡುವೆ ಹೋಗಬೇಡಿ, ಎಲ್ಲರೂ ಆಗಲೇ ಏಳುತ್ತಾರೆ. ನಿಮಗೆ ಅಷ್ಟೇನೂ ಇಷ್ಟವಿಲ್ಲದ ಹಾಡು ನಡೆಯುವಾಗ ಹೋಗಿ. ಮೊದಲು ಕಾಣಿಸುವ ಸಾಲು ಬಿಟ್ಟು ಮುಂದಿನದಕ್ಕೆ ನಡೆಯಿರಿ. ಪೇಪರ್ ಮತ್ತು ಸ್ಯಾನಿಟೈಸರ್ ನಿಮ್ಮದೇ ಇರಲಿ.

ಹೊರಡುವುದಕ್ಕೂ ಒಂದು ಯೋಜನೆ ಬೇಕು. ಕೊನೆಯ ಹಾಡು ಮುಗಿದ ಮೊದಲ ಅರ್ಧ ಗಂಟೆಯಲ್ಲಿ ಇಡೀ ಮೈದಾನ ಒಂದೇ ಗೇಟಿಗೆ ನುಗ್ಗುತ್ತದೆ. ಎರಡೇ ದಾರಿ. ಒಂದೋ ಕೊನೆಯ ಎರಡು ಹಾಡು ಬಿಟ್ಟು ಮೊದಲೇ ಹೊರಡಿ, ನಡೆಯುತ್ತಾ ಕೂಡ ಕೇಳಿಸುತ್ತದೆ. ಇಲ್ಲವೇ ನಿಂತ ಜಾಗದಲ್ಲೇ ಕೂತು, ಜನ ಕರಗಿದ ಮೇಲೆ ಏಳಿ. ನಿದ್ದೆಗಣ್ಣಿನ ಮಗು ಜೊತೆಗಿರುವಾಗ ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ಬಂದ ಗೇಟಿನಲ್ಲೇ ಹೋಗಬೇಕೆಂದಿಲ್ಲ, ಬೇರೆ ಗೇಟುಗಳು ಎಲ್ಲಿವೆ ಎಂದು ಮಧ್ಯಾಹ್ನವೇ ನೋಡಿಟ್ಟುಕೊಳ್ಳಿ. ಟ್ಯಾಕ್ಸಿ ಕರೆಯುವುದಾದರೆ ಗೇಟಿನ ಎದುರಿಗೆ ಕರೆಯಬೇಡಿ. ಹತ್ತು ಹದಿನೈದು ನಿಮಿಷ ನಡೆದು ದೊಡ್ಡ ರಸ್ತೆಗೆ ಬಂದು ಕರೆಯಿರಿ, ಗಾಡಿ ಬೇಗ ಸಿಗುತ್ತದೆ. ನಿಮ್ಮದೇ ಕಾರಾದರೆ ನಿಲ್ಲಿಸಿದ ಕೂಡಲೇ ಆ ಸಾಲಿನ ನಂಬರಿನ ಫೋಟೋ ತೆಗೆಯಿರಿ, ಮತ್ತು ಫೋನಿನಲ್ಲಿ ಕೊನೆಗೆ ಇಪ್ಪತ್ತು ಪರ್ಸೆಂಟ್ ಚಾರ್ಜ್ ಉಳಿಸಿಕೊಳ್ಳಿ. ಬಯಲಿನ ಪಾರ್ಕಿಂಗ್‌ನಲ್ಲಿ ಕಾರು ಹುಡುಕಲು ಟಾರ್ಚ್ ಬೇಕಾಗುತ್ತದೆ.